ಟಿಎಸ್‌ಎಚ್ ಏರಿದೆ ಅಂದರೆ ಥೈರಾಯ್ಡ್ ಇಳಿದಿದೆ

ನಮಸ್ಕಾರ್ರಿ ಎಲ್ಲರಿಗೂ. ಹುಬ್ಬಳ್ಳಿಯ ನನ್ನ ದವಾಖಾನೆಗೆ ರಕ್ತದ ರಿಪೋರ್ಟ್ ಹಿಡಿದು ಬರುವವರು ಕುರ್ಚಿ ಮೇಲೆ ಕೂರುವ ಮೊದಲೇ ಹೇಳುವ ಮಾತು ಒಂದಿದೆ. "ಡಾಕ್ಟ್ರ, ನಂಗ ಥೈರಾಯ್ಡ್ ಭಾಳ ಜಾಸ್ತಿ ಆಗೇತ್ರಿ." ನೋಡಿದರೆ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಿನ ಎದುರಿಗೆ 12 ಅಂತ ಇರುತ್ತದೆ. ಇರಬೇಕಾದದ್ದು ಸುಮಾರು 4ರ ಒಳಗೆ. ಅಂಕಿ ನೋಡಿ ಹೆದರಿದ್ದು ಸರಿ, ಆದರೆ ಅರ್ಥ ಮಾಡಿಕೊಂಡದ್ದು ಉಲ್ಟಾ. ಅವರ ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಜಾಸ್ತಿ ಆಗಿಲ್ಲ, ಸಾಲುತ್ತಿಲ್ಲ.

ಮೆದುಳಿನ ಹುಕುಂ ದೇಹಕ್ಕೆ ಹೋಗುವುದು ಎರಡು ದಾರಿಯಲ್ಲಿ. ಒಂದು ನರಗಳ ದಾರಿ. ಅದು ಭಾರೀ ಚುರುಕು. ರೊಟ್ಟಿ ಬೇಯಿಸುವಾಗ ಬೆರಳು ಹಂಚಿಗೆ ತಾಗಿತು ಅನ್ನಿ, ಕೈ ಹಿಂದಕ್ಕೆ ಬಂದ ಮೇಲೆ ಉರಿ ಗೊತ್ತಾಗುತ್ತದೆ, ಅಲ್ವಾ? ಆ ಅವಸರದಲ್ಲಿ ಮೆದುಳನ್ನೂ ಕೇಳದೆ ಬೆನ್ನುಹುರಿಯೇ ಕೈ ಎಳೆಸಿರುತ್ತದೆ. ಇನ್ನೊಂದು ಹಾರ್ಮೋನಿನ ದಾರಿ. ರಕ್ತದಲ್ಲಿ ಹರಿದು ಮೈಯೆಲ್ಲ ಮುಟ್ಟುವ ದಾರಿ. ಅದರಲ್ಲೂ ಥೈರಾಯ್ಡಿನದು ಬಹಳ ನಿಧಾನ, ಅದರ ಲೆಕ್ಕ ವಾರಗಳಲ್ಲಿ.

ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಅಂತ ಒಂದು ಸಣ್ಣ ಭಾಗ ಇದೆ. ಹಸಿವು, ನೀರಡಿಕೆ, ಮೈಬಿಸಿ, ಇವೆಲ್ಲ ಅದರ ಉಸ್ತುವಾರಿ. ಅದರ ಕೆಳಗೇ ಪಿಟ್ಯುಟರಿ ಗ್ರಂಥಿ, ತೂಕ ಅರ್ಧ ಗ್ರಾಂ ಆಸುಪಾಸು. ಹೈಪೋಥಲಾಮಸ್ ಟಿಆರ್‌ಎಚ್ ಅನ್ನುವ ಹಾರ್ಮೋನು ಬಿಡುತ್ತದೆ, ಅದು ತಾಗಿದ ಪಿಟ್ಯುಟರಿ ಟಿಎಸ್‌ಎಚ್ ಬಿಡುತ್ತದೆ, ಆ ಟಿಎಸ್‌ಎಚ್ ಕುತ್ತಿಗೆಯ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುತ್ತದೆ. ಥೈರಾಯ್ಡ್ ತಯಾರಿಸುವುದು ಟಿ4 ಮತ್ತು ಟಿ3 ಅನ್ನುವ ಹಾರ್ಮೋನುಗಳನ್ನು. ಇವು ರಕ್ತದಲ್ಲಿ ಸಾಕಷ್ಟು ಇವೆ ಅಂತ ಮೇಲಿನ ಇಬ್ಬರಿಗೂ ಗೊತ್ತಾದರೆ ಟಿಎಸ್‌ಎಚ್ ತಾನೇ ಇಳಿಯುತ್ತದೆ.

ಅಂದರೆ ಟಿಎಸ್‌ಎಚ್ ಥೈರಾಯ್ಡಿನ ಮಾಲಲ್ಲ, ಮೇಲಿನಿಂದ ಬರುವ ತಾಕೀತು. ಮನೆ ಕಟ್ಟುವ ಕಡೆ ಆಳುಗಳು ನೆಟ್ಟಗೆ ಕೆಲಸ ಮಾಡುತ್ತಿದ್ದರೆ ಮೇಸ್ತ್ರಿ ಬೀಡಿ ಸೇದುತ್ತಾ ಸುಮ್ನೆ ಕೂತಿರುತ್ತಾನೆ. ಅವನ ದನಿ ಏರಿತು ಅಂದರೆ ಕೆಲಸ ನಿಂತಿದೆ ಅಂತಲೇ ತಿಳಿಯಬೇಕು. 12 ಅಂದರೆ ಮೇಸ್ತ್ರಿ ಕೂಗಾಡುತ್ತಿದ್ದಾನೆ.

ಈ ಟಿಆರ್‌ಎಚ್ ಸಿಕ್ಕಿದ್ದು ಸುಲಭಕ್ಕಲ್ಲ. ಅಮೆರಿಕದಲ್ಲಿ ರೋಜರ್ ಗಿಲ್ಲೆಮಿನ್ ಕುರಿಗಳ ಮೆದುಳಿನಿಂದ, ಆಂಡ್ರ್ಯೂ ಶಾಲಿ ಹಂದಿಗಳ ಮೆದುಳಿನಿಂದ ಅದನ್ನು ತೆಗೆಯಲು ವರ್ಷಗಟ್ಟಲೆ ಪೈಪೋಟಿ ನಡೆಸಿದರು. ಲಕ್ಷಗಟ್ಟಲೆ ಪ್ರಾಣಿಗಳ ಮೆದುಳು ಅರೆದರೆ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ! ನಮ್ಮ ಹಾವೇರಿ ಕಡೆಯ ಕುರಿಸಂತೆಗಳನ್ನೆಲ್ಲ ಖಾಲಿ ಮಾಡಿದರೂ ಅವರಿಗೆ ಸಾಲುತ್ತಿರಲಿಲ್ಲವೇನೋ. 1969ರಲ್ಲಿ ಅದರ ರಚನೆ ತಿಳಿಯಿತು. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ಬಹುಮಾನದ ಇನ್ನರ್ಧ ಪಡೆದವರು ರೊಸಾಲಿನ್ ಯಾಲೊ, ರಕ್ತದಲ್ಲಿ ಚೂರೇ ಚೂರು ಇರುವ ಹಾರ್ಮೋನನ್ನು ಅಳೆಯುವ ದಾರಿ ತೋರಿಸಿದವರು. ನಿಮ್ಮ ಕೈಯಲ್ಲಿರುವ ರಿಪೋರ್ಟಿಗೆ ಬುಡ ಅವರ ಕೆಲಸವೇ.

ಸರಿ, ರಿಪೋರ್ಟಿಗೆ ಬರೋಣ. ಟಿಎಸ್‌ಎಚ್ ಜಾಸ್ತಿ, ಟಿ4 ಕಮ್ಮಿ ಇದ್ದರೆ ಥೈರಾಯ್ಡ್ ಸೋತಿದೆ. ಆಗ ದಣಿವು, ಚಳಿ ತಡೆಯದಿರುವುದು, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನಲ್ಲಿ ಏರುಪೇರು. ಇವನ್ನೆಲ್ಲ "ವಯಸ್ಸಾತು, ಮನಿ ಕೆಲಸ ಭಾಳ" ಅಂತ ಹೆಣ್ಣುಮಕ್ಕಳು ವರ್ಷಾನುಗಟ್ಟಲೆ ನುಂಗಿಕೊಂಡಿರುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲೇ. ಟಿಎಸ್‌ಎಚ್ ತೀರಾ ಕಮ್ಮಿ ಆಗಿ ಟಿ4 ಏರಿದ್ದರೆ ಥೈರಾಯ್ಡ್ ಅತಿ ಮಾಡುತ್ತಿದೆ: ಎದೆ ಡವಡವ, ಕೈನಡುಕ, ಉಂಡರೂ ಇಳಿಯುವ ತೂಕ. ಎರಡೂ ಕಮ್ಮಿ ಇದ್ದರೆ ತೊಂದರೆ ಪಿಟ್ಯುಟರಿಯಲ್ಲೇ ಇರಬಹುದು. ಇದು ಅಪರೂಪ. ಇನ್ನು ಟಿಎಸ್‌ಎಚ್ 5, 6 ಬಂದವರಿಗೆಲ್ಲ ಗುಳಿಗೆ ಬೇಕಾಗುವುದಿಲ್ಲ, ಎಷ್ಟೋ ಸಲ ಕೆಲವು ವಾರ ಬಿಟ್ಟು ಮತ್ತೆ ತಪಾಸಣೆ ಮಾಡಿ ನೋಡುತ್ತೇವೆ.

ಗುಳಿಗೆ ಶುರುವಾದ ಮೇಲೆ ವಾರಕ್ಕೇ ಮತ್ತೆ ರಕ್ತ ಕೊಟ್ಟು "ಇಳಿದೇ ಇಲ್ಲರಿ" ಅನ್ನಬೇಡಿ. ಗುಳಿಗೆಯಲ್ಲಿರುವುದೂ ಟಿ4 ಹಾರ್ಮೋನೇ. ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲಿಕ್ಕೇ ಸುಮಾರು 7 ದಿನ ಬೇಕು, ಅಷ್ಟು ನಿಧಾನ; ಮೆದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳಲು 6 ವಾರ. ದುಡ್ಡು ಸುಮ್ನೆ ದಂಡ. ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ. ಚಹಾಕ್ಕೆ ಕನಿಷ್ಠ ಅರ್ಧ ತಾಸು ತಡೆಯಿರಿ. ಧಾರವಾಡ ಕಡೆಯವರಿಗೆ ಇದು ಶಿಕ್ಷೆಯೇ, ಗೊತ್ತು ನನಗೆ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ನಡುವೆ 4 ತಾಸಿನ ಅಂತರ ಇರಲಿ.

ಬಸಿರಾದವರಿಗೆ ಮಾತ್ರ ಈ ನಿಧಾನ ನಡೆಯುವುದಿಲ್ಲ. ಮೊದಲ ತಿಂಗಳುಗಳಲ್ಲಿ ಕೂಸಿನ ಥೈರಾಯ್ಡ್ ಇನ್ನೂ ಕೆಲಸ ಹಿಡಿದಿರುವುದಿಲ್ಲ. ಅದರ ಮೆದುಳು ಬೆಳೆಯಲು ತಾಯಿಯ ಹಾರ್ಮೋನೇ ಬೇಕು. "ಕೂಸಿಗೆ ಏನರ ಆದೀತು" ಅಂತ ಅತ್ತೆಯೋ ಅಜ್ಜಿಯೋ ಗುಳಿಗೆ ಬಿಡಿಸುವುದುಂಟು. ಬಿಡಬೇಡಿ. ಬಸಿರು ಗೊತ್ತಾದ ಕೂಡಲೇ ಡಾಕ್ಟರನ್ನು ಕಾಣಿ, ಬಹಳ ಮಂದಿಗೆ ಆಗ ಡೋಸ್ ಏರಿಸಬೇಕಾಗುತ್ತದೆ, ಮೊದಲರ್ಧದಲ್ಲಿ 4 ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿಸಬೇಕಾಗುತ್ತದೆ.