ವಿಧಾನಸೌಧ ತೋರಿಸೋಕೆ ರಜಾ ದಿನವೇ ಯಾಕೆ?

ನಮಸ್ಕಾರ, ದಾವಣಗೆರೆಯಿಂದ ಮಾತಾಡುತ್ತಿದ್ದೇನೆ. ಇವತ್ತು ಬೆಣ್ಣೆ ದೋಸೆ ವಿಷಯ ಇಲ್ಲ, ಬೇಜಾರು ಮಾಡ್ಕೋಬೇಡಿ. ಇವತ್ತು ವಿಧಾನಸೌಧ.

ನಮ್ಮ ಕಡೆಯವರು ವಿಧಾನಸೌಧದ ಹತ್ತಿರ ಹೋಗುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಬೆಂಗಳೂರಿಗೆ ಮದುವೆಗೋ ಆಸ್ಪತ್ರೆಗೋ ಹೋದಾಗ ಗೇಟಿನ ಹೊರಗೆ ನಿಂತು ಒಂದು ಫೋಟೋ. ಇಲ್ಲ ಅಂದ್ರೆ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಒಳಗೆ. ಆ ಕವರಿನಲ್ಲಿ ಏನಿರುತ್ತೆ ಅಂತ ನಿಮಗೂ ಗೊತ್ತು. ಮೇಲೆ ಎಮ್ಮೆಲ್ಲೆ ಲೆಟರ್. ಅದರ ಕೆಳಗೆ ಅರ್ಜಿ. ಅದರ ಕೆಳಗೆ ಪಹಣಿಯೋ, ವರ್ಗಾವಣೆ ಆದೇಶವೋ, ಪೆನ್ಷನ್ ಪೇಪರೋ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್, ಒಂದು ಕಳೆದುಹೋದರೆ ಇನ್ನೊಂದು ಇರಲಿ ಅಂತ. ಹಿಂದಿನ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಪಾಸ್ ಮಾಡಿಸಿ, ಕಾರಿಡಾರಿನಲ್ಲಿ ಕಾಯುವುದು. ಕಾದವರ ಕಣ್ಣು ಬಾಗಿಲಿನ ಮೇಲಿನ ಬೋರ್ಡಿನ ಮೇಲೆ ಇರುತ್ತೆ. ಕಂಬದ ಕೆತ್ತನೆ ಯಾರಿಗೆ ಬೇಕು?

2025ರ ಜೂನ್‌ನಿಂದ ಮೂರನೇ ದಾರಿ ತೆರೆದಿದೆ. ಪ್ರವಾಸಿಯಾಗಿ ಹೋಗಬಹುದು. ಆನ್‌ಲೈನಿನಲ್ಲಿ 50 ರೂಪಾಯಿ ಟಿಕೆಟ್, ಗುರುತಿನ ಚೀಟಿ ಜೊತೆಗಿರಬೇಕು, ಗೈಡ್ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಒಳ್ಳೆ ಕೆಲಸ. ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಜಗಳ.

ನೋಡೋಕೆ ಯೋಗ್ಯವಾದ ಕಟ್ಟಡವೇ ಅದು. ಸುಮಾರು 700 ಅಡಿ ಉದ್ದ, 350 ಅಡಿ ಅಗಲ, ಪೂರ್ತಿ ಗ್ರಾನೈಟ್. ಮುಂದೆ ಆ ದೊಡ್ಡ ಮೆಟ್ಟಿಲು ಸಾಲು, ಮೇಲೆ ನಲವತ್ತು ಅಡಿ ಎತ್ತರದ ಹನ್ನೆರಡು ಕಂಬ. ಟಿವಿಯಲ್ಲಿ ನೂರು ಸಲ ನೋಡಿದ್ದರೂ ಕಂಬದ ಬುಡದಲ್ಲಿ ನಿಂತು ಕತ್ತೆತ್ತಿದಾಗಲೇ ಅದರ ಗಾತ್ರ ತಿಳಿಯುವುದು. ಸಚಿವ ಸಂಪುಟದ ಕೋಣೆಗೆ ಶ್ರೀಗಂಧದ ಬಾಗಿಲು ಮಾಡಿಸಿದ್ದಾರೆ. ಇಡೀ ಬಾಗಿಲು ಗಂಧದ ಮರದ್ದು! ಇವತ್ತು ಯಾರಾದರೂ ಆ ಥರ ಬಾಗಿಲಿಗೆ ಟೆಂಡರ್ ಕರೆದರೆ ಸಂಜೆ ಆರು ಗಂಟೆಗೆ ಚಾನೆಲ್‌ಗಳಲ್ಲಿ ಚರ್ಚೆ ಶುರು.

ಆಗಲೂ ಚರ್ಚೆ ಆಗಿತ್ತು. 1951ರ ಜುಲೈ 13ಕ್ಕೆ ನೆಹರೂ ಅಡಿಗಲ್ಲು ಹಾಕಿದಾಗ ಇದ್ದ ಪ್ಲಾನ್ ಇಷ್ಟು ದೊಡ್ಡದಲ್ಲ, ಸರಳವಾದದ್ದು. ಮುಂದಿನ ವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಬದಲಾಯಿಸಿದರು. ನಮ್ಮ ದೇವಸ್ಥಾನಗಳ ಶೈಲಿ ಬೇಕು ಅಂತ ಹಠ ಹಿಡಿದರು. ಬಿ.ಆರ್. ಮಾಣಿಕ್ಯಂ ಮುಖ್ಯ ವಾಸ್ತುಶಿಲ್ಪಿ. ಸಾವಿರಾರು ಜನ ಕೂಲಿಗಳು, ಕಲ್ಲುಕುಟಿಗರು, ಶಿಲ್ಪಿಗಳು ದುಡಿದರು. ಅವರಲ್ಲಿ ಜೈಲಿನ ಕೈದಿಗಳೂ ಇದ್ದರು. ಒಂದೂಮುಕ್ಕಾಲು ಕೋಟಿಯ ಆಸುಪಾಸು ಖರ್ಚಾಯಿತು. ಖರ್ಚು ಜಾಸ್ತಿ ಆಯ್ತು ಅಂತ ತನಿಖೆ ನಡೆಯಿತು. 1956ರ ಆಗಸ್ಟ್‌ನಲ್ಲಿ ಹನುಮಂತಯ್ಯ ಕುರ್ಚಿ ಬಿಟ್ಟರು. ಕಟ್ಟಡ ಮುಗಿದಿದ್ದೂ ಅದೇ ವರ್ಷ.

ಅಲ್ಲಿಂದ ಮುಂದೆ ಇದು ನಮ್ಮ ಕಡೆಯ ಕಥೆ. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾದಾಗ ಅದರ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಚಿತ್ರದುರ್ಗದಲ್ಲಿ ವಕೀಲಿಕೆ ಮಾಡುತ್ತಿದ್ದವರು. ಹೈವೇಯಲ್ಲಿ ದುರ್ಗದ ಹತ್ತಿರ ಸೀಬಾರದಲ್ಲಿ ಅವರ ಸ್ಮಾರಕ ಇದೆ, ನಾವೆಲ್ಲ ಎಂಬತ್ತರ ಸ್ಪೀಡಿನಲ್ಲಿ ದಾಟಿ ಹೋಗುತ್ತೇವೆ. ಆಮೇಲೆ ನಮ್ಮ ಚನ್ನಗಿರಿ ಕಡೆಯ ಜೆ.ಎಚ್. ಪಟೇಲರು. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಪುಣ್ಯಾತ್ಮ. ಅವರು ಮುಖ್ಯಮಂತ್ರಿಯಾಗಿದ್ದಾಗಲೇ, 1997ರಲ್ಲಿ, ಏಳು ಹೊಸ ಜಿಲ್ಲೆ ಆದವು. ಅದರಲ್ಲಿ ದಾವಣಗೆರೆಯೂ ಒಂದು. ಅಲ್ಲಿವರೆಗೆ ನಾವು ಡಿಸಿ ಆಫೀಸಿನ ಕೆಲಸಕ್ಕೆ ಚಿತ್ರದುರ್ಗಕ್ಕೆ ಓಡಬೇಕಿತ್ತು. ನಮ್ಮ ಆ ಓಡಾಟ ತಪ್ಪಿಸಿದ ತೀರ್ಮಾನವೂ ವಿಧಾನಸೌಧದಿಂದಲೇ ಬಂದದ್ದು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಈ ಟೂರ್ ಇರುವುದು ಭಾನುವಾರ, ಎರಡನೇ ಶನಿವಾರ, ನಾಲ್ಕನೇ ಶನಿವಾರ. ಅಂದ್ರೆ ಸರ್ಕಾರಿ ರಜಾ ದಿನ. ಸರ್ಕಾರದ ಕಟ್ಟಡವನ್ನು ಸರ್ಕಾರ ಇಲ್ಲದ ದಿನ ತೋರಿಸುತ್ತಾರೆ! ಜಾತ್ರೆ ಮುಗಿದ ಮೇಲೆ ಹೋಗಿ, ತಗಡು ಮುಚ್ಚಿ ನಿಲ್ಲಿಸಿದ ತೇರು ನೋಡಿ ಬಂದ ಹಾಗೆ.

ಚಿತ್ರದುರ್ಗದ ಕೋಟೆಯನ್ನಾದರೆ ಹೀಗೆ ಖಾಲಿ ನೋಡಿದರೂ ನಡೆಯುತ್ತೆ. ಅಲ್ಲಿ ನಾಯಕರ ಕಚೇರಿ ಇದೆ, ಟಂಕಸಾಲೆ ಇದೆ. ಮಣ್ಣಿನ ಗೋಡೆ ಮಾತ್ರ ಉಳಿದಿದೆ. ಅದೂ ಒಂದು ಕಾಲದ ಸರ್ಕಾರಿ ಆಫೀಸೇ ಅಲ್ವಾ? 1779ರಲ್ಲಿ ಹೈದರಾಲಿ ಕೋಟೆ ತಗೊಂಡ ಮೇಲೆ ನಾಯಕರ ಆಳ್ವಿಕೆ ಮುಗಿಯಿತು. ಗುಮಾಸ್ತ ಎಲ್ಲಿ ಕೂರುತ್ತಿದ್ದ, ಅರ್ಜಿ ತಂದವನು ಎಲ್ಲಿ ನಿಲ್ಲುತ್ತಿದ್ದ ಅಂತ ನಾವೇ ಊಹೆ ಮಾಡಿಕೊಳ್ಳಬೇಕು. ಬೇರೆ ದಾರಿ ಇಲ್ಲ. ಆದರೆ ವಿಧಾನಸೌಧದ ಗುಮಾಸ್ತರು ಸೋಮವಾರ ಬೆಳಿಗ್ಗೆ ಬರುತ್ತಾರಲ್ಲ! ಟಪಾಲು ಬರುತ್ತೆ, ನಂಬರ್ ಬೀಳುತ್ತೆ, ಫೈಲು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುತ್ತೆ. ಅಥವಾ ಹೋಗಲ್ಲ. ಜಗಳೂರಿನ ಒಬ್ಬ ರೈತನ ಅರ್ಜಿ ಅಲ್ಲಿಗೆ ಹೋದ ಮೇಲೆ ಎಷ್ಟು ಕೈ ದಾಟುತ್ತೆ, ಎಲ್ಲಿ ನಿಲ್ಲುತ್ತೆ, ಯಾರು ಷರಾ ಬರೆಯುತ್ತಾರೆ, ಇದನ್ನು ಒಬ್ಬ ಗೈಡ್ ಹದಿನೈದು ನಿಮಿಷ ವಿವರಿಸಿದರೆ ಸಾಕು. ಕಂಬದ ಎತ್ತರಕ್ಕಿಂತ ನನಗೆ ಅದು ಬೇಕು.

ಸೆಕ್ಯುರಿಟಿ ಸಮಸ್ಯೆ ಅಂತೀರಾ? ಒಪ್ಪುತ್ತೇನೆ. ಕೆಲಸದ ದಿನ ಆ ಕಾರಿಡಾರ್‌ಗಳಲ್ಲಿ ಈಗಾಗಲೇ ಕಾಲಿಡೋಕೆ ಜಾಗ ಇರಲ್ಲ, ಅದರ ಜೊತೆಗೆ ಸೆಲ್ಫಿ ಗುಂಪು ಬಂದರೆ ಅರ್ಜಿ ಹಿಡಿದು ಬಂದವನಿಗೇ ತೊಂದರೆ. ಅದಕ್ಕೆ ಎಲ್ಲ ಕಡೆ ಬಿಡಿ ಅಂತ ನಾನು ಕೇಳುತ್ತಿಲ್ಲ. ಬರ್ಲಿನ್‌ನಲ್ಲಿ ಜರ್ಮನಿಯ ಸಂಸತ್ತಿನ ಮೇಲೆ 1999ರಲ್ಲಿ ಒಂದು ಗಾಜಿನ ಗುಮ್ಮಟ ಕಟ್ಟಿದರು. ಮೊದಲೇ ಹೆಸರು ನೋಂದಾಯಿಸಿದರೆ ಯಾರು ಬೇಕಾದರೂ ಹತ್ತಬಹುದು, ದುಡ್ಡು ಕೊಡಬೇಕಿಲ್ಲ. ಅಲ್ಲಿಂದ ಕೆಳಗೆ ನೋಡಿದರೆ ಸಭಾಂಗಣ ಕಾಣುತ್ತೆ. ಜನ ಮೇಲೆ, ಜನಪ್ರತಿನಿಧಿಗಳು ಕೆಳಗೆ. ನಮಗೆ ಗಾಜಿನ ಗುಮ್ಮಟ ಬೇಡ, ಖರ್ಚು, ಮತ್ತೆ ತನಿಖೆ. ನಮ್ಮ ವಿಧಾನಸಭೆಯಲ್ಲಿ ಪ್ರೇಕ್ಷಕರ ಗ್ಯಾಲರಿ ಆಗಲೇ ಇದೆ. ಅಧಿವೇಶನದ ದಿನ ಶಾಲೆ ಮಕ್ಕಳನ್ನು ಕರೆತಂದು ಕೂರಿಸುತ್ತಾರೆ. 50 ರೂಪಾಯಿ ಟಿಕೆಟ್ ತಗೊಂಡವನಿಗೂ ಅಲ್ಲಿ ಅರ್ಧ ಗಂಟೆ ಸೀಟು ಕೊಡಿ. ಖಾಲಿ ಕುರ್ಚಿಗಳನ್ನು ಭಾನುವಾರ ನೋಡಿದರೆ ಅದು ಟೂರ್. ಅಧಿವೇಶನದ ದಿನ ನೋಡಿದರೆ ಅದು ಮಾಹಿತಿ!

ಟಿಕೆಟ್ ಬುಕ್ ಮಾಡಿ, ಖಂಡಿತ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಶನಿವಾರ ರಾತ್ರಿಯೇ ಬೆಂಗಳೂರು ಸೇರಿಕೊಂಡರೆ ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಮುಗಿಸಬಹುದು. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಸಲ ನಿಮ್ಮ ಎಮ್ಮೆಲ್ಲೆ ಮನೆ ಮುಂದೆ ನಿಂತಾಗ ಲೆಟರ್ ಕೇಳಬೇಡಿ. 'ಅಣ್ಣಾ, ನೀವು ಸದನದಲ್ಲಿ ಮಾತಾಡೋದು ನೋಡ್ಬೇಕು, ಗ್ಯಾಲರಿ ಪಾಸ್ ಕೊಡಿಸಿ' ಅಂತ ಕೇಳಿ. ಏನು ಉತ್ತರ ಬಂತು ಅಂತ ನನಗೂ ಬರೆದು ಕಳಿಸಿ, ಮುಂದಿನ ವಿಡಿಯೋದಲ್ಲಿ ಓದುತ್ತೇನೆ. ಎಮ್ಮೆಲ್ಲೆ ಹೆಸರು ಮಾತ್ರ ಬೇಡ.