ಕಳ್ಳ ಕಟ್ಟಿದ ದಂಡ ಯಾರ ಪೆಟ್ಟಿಗೆಗೆ ಹೋಯ್ತು?

ನಮಸ್ಕಾರ, ಚಿಕ್ಕಮಗಳೂರಿಂದ. ಹೊರಗೆ ಮಳೆ ಜಡಿ ಹಿಡಿದಿದೆ, ಹೆಂಚಿನ ಸದ್ದು ಮೈಕಿಗೆ ಬರ್ತಿದ್ರೆ ಸ್ವಲ್ಪ ಸಹಿಸ್ಕೊಳ್ಳಿ. ಇವತ್ತು ಕಾಫಿ ರೇಟಿನ ಬಗ್ಗೆ ಮಾತಾಡ್ಬೇಕು ಅಂತ ಬರ್ಕೊಂಡಿದ್ದೆ. ಅದನ್ನ ಪಕ್ಕಕ್ಕಿಟ್ಟೆ. ಕಾರಣ ಒಂದು ಕಾಮೆಂಟು.

ಹೋದ ವಾರ ಕಣದಿಂದ ಮೆಣಸು, ಕಾಫಿ ಕಳುವಾಗೋದರ ಬಗ್ಗೆ ಹೇಳಿದ್ನಲ್ಲ, ಅದರ ಕೆಳಗೆ ಒಬ್ಬರು ಬರೆದಿದಾರೆ: "ಕಳ್ಳ ಸಿಕ್ಕಿಬಿದ್ದ, ಜೈಲಾಯ್ತು, ದಂಡ ಕಟ್ಟಿದ. ಇನ್ನೇನ್ ಬೇಕು ನಿಮಗೆ?"

ದುಡ್ಡು ಬೇಕು ಸ್ವಾಮಿ! ಕಳಕೊಂಡವರ ದುಡ್ಡು ಕಳಕೊಂಡವರ ಕೈಗೆ ಬರಬೇಕು.

ನಮ್ಮ ಚಿಕ್ಕಮ್ಮನದು ಎರಡು ಎಕರೆ ತೋಟ. ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. 2021ರ ಮಾರ್ಚಲ್ಲಿ ಏಣಿ ಹಾಕಿಸಿ ಕೊಯ್ಸಿ, ಟಾರ್ಪಾಲಿನ ಮೇಲೆ ಒಣಗ್ಸಿ, ಸಂಜೆ ಇಬ್ಬನಿ ಬೀಳೋ ಮೊದಲು ರಾಶಿ ಮಾಡಿ ಮುಚ್ಚಿ, ಕೊನೆಗೆ ಎರಡು ಮೂಟೆ ಕಟ್ಟಿಟ್ಟಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಮೂಟೆ ಇಲ್ಲ. ಒಂದು ಮೂಟೆಗೆ ತೂತಿತ್ತು ಅನ್ಸುತ್ತೆ, ಕಣದಿಂದ ಗೇಟಿನವರೆಗೂ ಸಣ್ಣ ಗೆರೆ ಹಾಗೆ ಕಾಳು ಚೆಲ್ಲಿತ್ತು. ಚಿಕ್ಕಮ್ಮ ಪೊಲೀಸರಿಗೆ ಫೋನ್ ಮಾಡಿ ಅಂತ ಹೇಳಿ, ತಾವು ಬಗ್ಗಿ ಆ ಗೆರೆ ಹಿಡಿದು ಒಂದೊಂದೇ ಕಾಳು ಆರಿಸ್ತಾ ಹೋದ್ರು. ಸೆರಗಲ್ಲಿ ಒಂದು ಪಾವು ಸಿಕ್ತು. ಆಗಿನ ರೇಟಲ್ಲಿ ಹೋಗಿದ್ದು ಸುಮಾರು 45,000 ರೂಪಾಯಿ ಮಾಲು.

ಕಳ್ಳ ಸಿಕ್ಕ. ಮಾಲು ಮಾರಿಯಾಗಿತ್ತು. ಕೇಸು ಮೂರು ವರ್ಷ ನಡೀತು, ಚಿಕ್ಕಮ್ಮ ಸಾಕ್ಷಿ ಹೇಳೋಕೆ ಅಂತ ಆರು ಸಲ ಬಸ್ ಹತ್ತಿದ್ರು, ಅದರಲ್ಲಿ ನಾಲ್ಕು ಸಲ ವಾಯಿದೆ. ಆಮೇಲೆ ತೀರ್ಪು: ಆರು ತಿಂಗಳು ಜೈಲು, 3,000 ದಂಡ. ಆ 3,000 ಸರ್ಕಾರದ ಖಜಾನೆಗೆ. ಚಿಕ್ಕಮ್ಮನಿಗೆ ಸೊನ್ನೆ! ಕದ್ದಿದ್ದು ಸರ್ಕಾರದ ಮೆಣಸಾ?

ಕಾನೂನಿಲ್ಲ ಅನ್ಕೊಂಡ್ರಾ? ಇದೆ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳೋ ದಂಡ ಪ್ರಕ್ರಿಯಾ ಸಂಹಿತೆ ಇದೆಯಲ್ಲ, 1898ರ ಬ್ರಿಟಿಷರ ಕಾಲದ್ದರಲ್ಲೇ 545ನೇ ಸೆಕ್ಷನ್ ಅಂತ ಇತ್ತು. 1973ರದ್ದರಲ್ಲಿ ಅದು 357 ಆಯ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 395. ಕಳ್ಳನಿಂದ ವಸೂಲಾದ ದಂಡವನ್ನ ನೊಂದವರಿಗೆ ಕೊಡಿ ಅಂತ ಜಡ್ಜ್ ಆದೇಶ ಮಾಡಬಹುದು. ಕಳ್ಳಮಾಲು ಅಂತ ಗೊತ್ತಿಲ್ಲದೆ ಕೊಂಡು, ಆಮೇಲೆ ಮಾಲು ವಾಪಸ್ ಕೊಡಬೇಕಾಗಿ ಬಂದ ವ್ಯಾಪಾರಿಗೂ ಆ ದಂಡದಲ್ಲಿ ಪರಿಹಾರ ಕೊಡೋಕೆ ಅದರಲ್ಲಿ ಜಾಗ ಇದೆ. ವ್ಯಾಪಾರಿಗೆ ಸಿಗಬಹುದಾದದ್ದು ಬೆಳೆದವರಿಗೆ ಸಿಗಲಿಲ್ಲ.

ಈಗ ಒಂದು ಗಂಟು ಬಿಡಿಸ್ತೀನಿ, ಗಮನ ಕೊಡಿ. ಜಡ್ಜ್ ದಂಡ ಹಾಕಿದ್ರೆ ಪರಿಹಾರ ಆ ದಂಡದೊಳಗೇ ಬರಬೇಕು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮೊದಲು 10,000ಕ್ಕಿಂತ ಹೆಚ್ಚು ದಂಡ ಹಾಕೋ ಹಾಗಿರಲಿಲ್ಲ, ಹೊಸ ಕಾನೂನಲ್ಲಿ ಅದು 50,000. ಆದ್ರೆ ದಂಡ ಹಾಕದೆ ಬರೀ ಜೈಲು ಶಿಕ್ಷೆ ಕೊಟ್ರೆ, ಅದೇ ಸೆಕ್ಷನ್ನಿನ ಮೂರನೇ ಉಪಕಲಂ ಪ್ರಕಾರ ಎಷ್ಟು ಬೇಕಾದ್ರೂ ಪರಿಹಾರ ಕೊಡ್ಸಬಹುದು, ಮಿತಿನೇ ಇಲ್ಲ. ಕಣದಿಂದ ಕದ್ದಿದ್ದು ಐಪಿಸಿ 379, ಅಂದ್ರೆ ಆಗಿನ ಭಾರತೀಯ ದಂಡ ಸಂಹಿತೆಯಲ್ಲಿ ಕಳ್ಳತನದ ಶಿಕ್ಷೆ ಹೇಳೋ ಸೆಕ್ಷನ್. ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಅಂದ್ರೆ ಆ 3,000 ದಂಡ ಹಾಕದೆ, ಪೂರ್ತಿ 45,000 ಚಿಕ್ಕಮ್ಮನಿಗೆ ಕೊಡು ಅಂತ ಹೇಳೋಕೆ ದಾರಿ ಇತ್ತು. ಯಾರೂ ಕೇಳಲಿಲ್ಲ. ತೀರ್ಪಿನ ನಕಲು ತರಿಸಿ ನಾನೇ ಓದಿದೀನಿ. ಹನ್ನೊಂದು ಪುಟ. ಪರಿಹಾರ ಅನ್ನೋ ಪದ ಒಂದು ಸಲವೂ ಇಲ್ಲ.

ಸುಪ್ರೀಂ ಕೋರ್ಟು 1988ರಲ್ಲೇ ಹೇಳಿತ್ತು, ಈ ಅಧಿಕಾರವನ್ನ ಕೋರ್ಟುಗಳು ಬಳಸ್ತಾನೇ ಇಲ್ಲ, ಧಾರಾಳವಾಗಿ ಬಳಸಿ ಅಂತ. 2013ರಲ್ಲಿ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಬರೆದ ತೀರ್ಪು ಇನ್ನೂ ಖಡಕ್ಕು: ಪ್ರತಿ ಕ್ರಿಮಿನಲ್ ಕೇಸಲ್ಲೂ ಪರಿಹಾರದ ಪ್ರಶ್ನೆಗೆ ಮನಸ್ಸು ಕೊಡಲೇಬೇಕು, ಕೊಟ್ರೂ ಕೊಡದಿದ್ರೂ ಕಾರಣ ಬರೀಬೇಕು. ಹನ್ನೊಂದು ಪುಟದಲ್ಲಿ ಆ ಕಾರಣಕ್ಕೆ ಒಂದು ಸಾಲಿನ ಜಾಗ ಇರಲಿಲ್ವಾ?

ಅಂದ ಹಾಗೆ, ಸಕಲೇಶಪುರದ ಆನೆ ಹಾವಳಿ ಬಗ್ಗೆ ಮಾಡಿದ ವಿಡಿಯೋ ನೋಡದವರು ನೋಡಿ, ಹಾಸನ ಕಡೆಯವರು ತುಂಬಾ ಜನ ಹಂಚಿಕೊಂಡಿದೀರಿ, ಥ್ಯಾಂಕ್ಸ್. ಅದಕ್ಕೂ ಇದಕ್ಕೂ ಸಂಬಂಧ ಇದೆ. ಆನೆ ತೋಟಕ್ಕೆ ನುಗ್ಗಿದ್ರೆ ಅರಣ್ಯ ಇಲಾಖೆಗೆ ಅರ್ಜಿ ಹಾಕ್ತೀವಿ, ತಡವಾದ್ರೂ ಏನೋ ಒಂದಿಷ್ಟು ಪರಿಹಾರ ಬರುತ್ತೆ. ಆನೆ ಮೇಲೆ ಕೇಸೂ ಇಲ್ಲ, ಆನೆಗೆ ಜೈಲೂ ಇಲ್ಲ. ಮನುಷ್ಯ ಕದ್ದ, ಸಿಕ್ಕಿಬಿದ್ದ, ಅಪರಾಧಿ ಅಂತ ಸಾಬೀತೂ ಆಯ್ತು. ಆದ್ರೂ ಬಿಡಿಗಾಸಿಲ್ಲ!

"ಕಳ್ಳ ಪಾಪ ಬಡವ, ಎಲ್ಲಿಂದ ಕೊಡ್ತಾನೆ" ಅಂತಾರೆ. ಮೆಣಸು ಮಾರಿದ ದುಡ್ಡು ಎಲ್ಲಿ ಹೋಯ್ತು? ಕೇಸು ನಡೀತಿರೋವಾಗಲೇ ಬೈಕು ಬಂತಲ್ಲ ಮನೆಗೆ? ಬೈಕು ಜಪ್ತಿ ಮಾಡಿ ಹರಾಜು ಹಾಕೋಕೆ ಕಾನೂನಲ್ಲಿ ದಾರಿ ಇದೆ, ಭೂಕಂದಾಯದ ಬಾಕಿ ಥರ ವಸೂಲಿ ಮಾಡೋಕೂ ಇದೆ. ಪರಿಹಾರ ಕಟ್ಟದೆ ಅದರ ಬದಲಿಗೆ ಜೈಲಲ್ಲಿ ಕೂತು ಬಂದ್ರೂ ಬಾಕಿ ತೀರಲ್ಲ, ವಸೂಲಿ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೈದಿಗಳ ಕೂಲಿಯಲ್ಲಿ ಒಂದು ಪಾಲು ನೊಂದವರಿಗೆ ಎತ್ತಿಡಿ ಅಂತ 1998ರಲ್ಲೇ ಹೇಳಿದೆ. ಬಡವ ಅಂತೆ. ಚಿಕ್ಕಮ್ಮ ಯಾವ ಜಮೀನ್ದಾರ್ತಿ?

"ಸಿವಿಲ್ ದಾವೆ ಹಾಕಿ" ಅಂತ ಇನ್ನೊಬ್ಬರು. ಮೂರು ವರ್ಷ ಬಸ್ ಹತ್ತಿಳಿದವರಿಗೆ ಹೇಳೋ ಮಾತಾ ಇದು? ಕೋರ್ಟ್ ಫೀ ನೀವು ಕೊಡ್ತೀರಾ?

ಸರ್ಕಾರದ ಪರಿಹಾರ ಯೋಜನೆ ಇದೆಯಲ್ಲ ಅಂತ ಕೇಳಿದವರಿಗೆ: ಇದೆ, ಕರ್ನಾಟಕದಲ್ಲಿ 2011ರಿಂದ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ. ಆಸಿಡ್ ದಾಳಿಗೆ, ಅತ್ಯಾಚಾರಕ್ಕೆ ಒಳಗಾದವರಿಗೆ ಅದು ಬೇಕೇ ಬೇಕು, ಅಪರಾಧಿ ಸಿಗದಿದ್ರೂ ಸಿಗಬೇಕು. ಆದ್ರೆ ಅದು ನಿಮ್ಮ ನಮ್ಮ ತೆರಿಗೆ ದುಡ್ಡು. ನಾನು ಕೇಳ್ತಿರೋದು ಕದ್ದವನ ಜೇಬು. ಕದ್ದವನು ಕೊಡಬೇಕು, ಕಳಕೊಂಡವರು ತಗೋಬೇಕು. ಇದು ಸಣ್ಣ ಮಗುವಿಗೂ ಗೊತ್ತು! ಅಂಗನವಾಡಿಯಲ್ಲಿ ಒಬ್ಬನ ಬಳಪ ಇನ್ನೊಬ್ಬ ಕಿತ್ಕೊಂಡ್ರೆ ಟೀಚರ್ ಆ ಬಳಪ ತಾವು ಇಟ್ಕೊಳ್ತಾರಾ?

ಕೊಡ್ಸಿ ಅಂತ ಕೇಳ್ರಪ್ಪ! ನಿಮ್ಮ ಕೇಸು ನಡೀತಿದ್ರೆ ಸರ್ಕಾರಿ ವಕೀಲರ ಹತ್ರ ಹೋಗಿ, ಶಿಕ್ಷೆ ಬಗ್ಗೆ ವಾದ ಮಾಡೋ ದಿನ 395 ಅಂತ, 2024ರ ಜುಲೈಗೆ ಮೊದಲೇ ನಡೀತಿದ್ದ ಕೇಸಾದ್ರೆ 357 ಅಂತ, ಬಾಯಿ ಬಿಟ್ಟು ಹೇಳಿ ಅನ್ನಿ. ಮೂಟೆ ಎಷ್ಟು, ರೇಟು ಎಷ್ಟು, ಮಂಡಿ ಚೀಟಿ ಇದ್ರೆ ಚೀಟಿ, ಬಸ್ ಟಿಕೆಟ್ ಇದ್ರೆ ಟಿಕೆಟ್, ಎಲ್ಲಾ ಕೊಡಿ. ನಾಚ್ಕೋಬೇಡಿ. ನಿಮ್ಮ ದುಡ್ಡು ಅದು. ನಿಮ್ಮ ದುಡ್ಡು! ಸಬ್‌ಸ್ಕ್ರೈಬ್ ಆಗದವರು ಆಗಿ, ಊರಿನ ವಾಟ್ಸಾಪ್ ಗ್ರೂಪಿಗೆ ಇದನ್ನ ಹಾಕಿ, ಕಾಫಿ ರೇಟು ಭಾನುವಾರ ಮಾತಾಡೋಣ.

ಚಿಕ್ಕಮ್ಮ ಈಗ ಕಣಕ್ಕೆ ಲೈಟ್ ಹಾಕಿಸಿದಾರೆ. ಮೆಣಸು ಒಣಗೋ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂರ್ತಾರೆ, ಪಕ್ಕದಲ್ಲಿ ನಾಯಿ. ಲೈಟಿನ ಬಿಲ್ಲೂ ಅವರೇ ಕಟ್ತಿದಾರೆ.