ವರದಿಯೋ, ಕರೆಯೋಲೆಯೋ?

ಕೇಳುಗರೇ, ನಮಸ್ಕಾರ.

ಇವತ್ತಿನ ಮಾತನ್ನು ಮರದ ಎಲೆಗಳಿಂದ ಶುರು ಮಾಡುತ್ತೇನೆ. 2009ರ ನವೆಂಬರ್ 5. ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ಒಂದು ಸಭೆ ಸೇರಿತ್ತು. ಒಬಾಮಾ ಸರ್ಕಾರದ ಆರೋಗ್ಯ ವಿಮೆ ಮಸೂದೆ ಬೇಡವೇ ಬೇಡ ಅನ್ನುವವರ ಸಭೆ ಅದು. ಕರೆದವರು ಮಿನ್ನೆಸೋಟಾದ ಸಂಸದೆ ಮಿಷೆಲ್ ಬಾಕ್‌ಮನ್. ಫಾಕ್ಸ್ ನ್ಯೂಸ್ ಚಾನೆಲ್ಲಿನ ಶಾನ್ ಹ್ಯಾನಿಟಿ ತಮ್ಮ ಕಾರ್ಯಕ್ರಮದಲ್ಲಿ ಆ ಸಭೆಯ ದೃಶ್ಯ ತೋರಿಸಿದರು. ಜನವೋ ಜನ.

ಕೆಲವು ದಿನ ಕಳೆದ ಮೇಲೆ ಹಾಸ್ಯ ಕಾರ್ಯಕ್ರಮದ ಜಾನ್ ಸ್ಟುವರ್ಟ್ ಅದೇ ತುಣುಕನ್ನು ಮತ್ತೆ ಹಾಕಿದರು. ನಿಧಾನವಾಗಿ ನೋಡಿ ಅಂದರು. ಒಂದು ದೃಶ್ಯದಲ್ಲಿ ಆಕಾಶ ತಿಳಿಯಾಗಿದೆ, ಎಲೆಗಳು ನವೆಂಬರಿಗೆ ತಕ್ಕಂತೆ ಬಣ್ಣ ತಿರುಗಿವೆ. ಮರುಕ್ಷಣ ಆಕಾಶದಲ್ಲಿ ಮೋಡ, ಮರಗಳೆಲ್ಲ ಹಚ್ಚ ಹಸಿರು. ಜನ ಮಾತ್ರ ಹಲವು ಪಟ್ಟು ಜಾಸ್ತಿ. ಒಂದೇ ಮಧ್ಯಾಹ್ನದಲ್ಲಿ ಎರಡು ಋತು! ಆ ದೊಡ್ಡ ಗುಂಪು ಸೆಪ್ಟೆಂಬರ್ 12ರಂದು ನಡೆದ ಬೇರೆಯೇ ಸಭೆಯದ್ದು. ಸ್ಟುವರ್ಟ್ ತೋರಿಸಿದ ಮೇಲೆ ಹ್ಯಾನಿಟಿ ತೆರೆಯ ಮೇಲೆ ತಪ್ಪೊಪ್ಪಿಕೊಂಡರು. ಕಣ್ತಪ್ಪಿನಿಂದ ಆಯಿತು ಅಂದರು.

ಕಣ್ತಪ್ಪೇ ಇರಬಹುದು. ಆದರೆ ಕಣ್ತಪ್ಪು ಕೂಡ ಯಾವಾಗಲೂ ಜನ ಜಾಸ್ತಿ ಕಾಣುವ ಕಡೆಗೇ ಯಾಕೆ ವಾಲುತ್ತದೆ ಅಂತ ಕೇಳಿದವರು ಆಗಲೇ ಬಹಳ ಮಂದಿ ಇದ್ದರು. ಯಾಕೆಂದರೆ ಅಮೆರಿಕದಲ್ಲಿ ಆ ವರ್ಷವಿಡೀ ಇದೇ ಜಗಳ. ಕೇಬಲ್ ಸುದ್ದಿ ಚಾನೆಲ್ಲು ಸಭೆಗೆ ಬಂದದ್ದು ವರದಿ ಮಾಡಲಿಕ್ಕೋ, ಇಲ್ಲ ಸಭೆಯನ್ನು ತುಂಬಿಸಲಿಕ್ಕೋ?

ಸ್ವಲ್ಪ ಹಿಂದಕ್ಕೆ ಹೋಗೋಣ. 2009ರ ಫೆಬ್ರವರಿ 19. ಸಿಎನ್‌ಬಿಸಿ ಅನ್ನುವ ವ್ಯಾಪಾರ ಸುದ್ದಿ ಚಾನೆಲ್ಲಿನ ರಿಕ್ ಸ್ಯಾಂಟೆಲಿ ಷಿಕಾಗೋದ ವಹಿವಾಟು ಅಂಗಳದಲ್ಲಿ ನಿಂತು ನೇರಪ್ರಸಾರದಲ್ಲಿ ಕೂಗಾಡಿದರು. ಮನೆ ಸಾಲ ಕಟ್ಟಲಾಗದವರಿಗೆ ಸರ್ಕಾರ ನೆರವು ಕೊಡುವುದು ಅವರಿಗೆ ಸರಿಬಂದಿರಲಿಲ್ಲ. ಜುಲೈನಲ್ಲಿ ಷಿಕಾಗೋದಲ್ಲೊಂದು ಟೀ ಪಾರ್ಟಿ ಮಾಡೋಣ ಅಂದುಬಿಟ್ಟರು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ತೆರಿಗೆ ವಿರೋಧಿಸಿ ಬ್ರಿಟಿಷರ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದರಲ್ಲ, ಆ ನೆನಪಿನ ಹೆಸರು. ಮಾತು ಸ್ಟುಡಿಯೋದಲ್ಲೇ ಉಳಿಯಲಿಲ್ಲ. ವಾರ ಕಳೆಯುತ್ತಿದ್ದಂತೆ ಹಲವು ಊರುಗಳಲ್ಲಿ ಜನ ಫಲಕ ಹಿಡಿದು ಬೀದಿಗೆ ಬಂದರು.

ದೊಡ್ಡ ದಿನ ಅಂತ ಗೊತ್ತಾದದ್ದು ಏಪ್ರಿಲ್ 15. ಅಮೆರಿಕದಲ್ಲಿ ಆದಾಯ ತೆರಿಗೆ ಲೆಕ್ಕ ಸಲ್ಲಿಸುವ ಕೊನೆಯ ದಿನ. ಅವತ್ತು ದೇಶದ ನೂರಾರು ಕಡೆ ಟೀ ಪಾರ್ಟಿ ಸಭೆ, ಅಂದರೆ ಸರ್ಕಾರದ ಖರ್ಚು ಮತ್ತು ತೆರಿಗೆಯನ್ನು ವಿರೋಧಿಸುವವರ ಸಭೆ. ಫಾಕ್ಸ್ ನ್ಯೂಸ್ ತನ್ನ ಹೆಸರುವಾಸಿ ನಿರೂಪಕರನ್ನು ಅಲ್ಲಿಗೇ ಕಳಿಸಿತು. ಹ್ಯಾನಿಟಿ ಅಟ್ಲಾಂಟಾಕ್ಕೆ, ಗ್ಲೆನ್ ಬೆಕ್ ಸ್ಯಾನ್ ಆಂಟೋನಿಯೋದ ಅಲಾಮೋ ಕೋಟೆಯ ಮುಂದಕ್ಕೆ, ನೀಲ್ ಕವೂಟೊ ಸ್ಯಾಕ್ರಮೆಂಟೊಕ್ಕೆ, ಗ್ರೇಟಾ ವಾನ್ ಸಸ್ಟರೆನ್ ವಾಷಿಂಗ್ಟನ್ನಿಗೆ. ಇದಿಷ್ಟೇ ಆಗಿದ್ದರೆ ದೊಡ್ಡ ಸುದ್ದಿಗೆ ದೊಡ್ಡ ತಂಡ ಅಂತ ಸುಮ್ಮನಿರಬಹುದಿತ್ತು. ಆದರೆ ಹಲವು ದಿನ ಮುಂಚಿನಿಂದಲೇ ಎಲ್ಲಿ ಸಭೆ, ನಮ್ಮವರು ಯಾರು ಎಲ್ಲಿರುತ್ತಾರೆ ಅಂತ ಚಾನೆಲ್ಲಿನಲ್ಲಿ ಪ್ರಕಟಣೆ ಬರುತ್ತಿತ್ತು. ಒಂದು ಪಟ್ಟಿಯ ಮೇಲಂತೂ ಚಾನೆಲ್ಲಿನ ಹೆಸರಿನ ಮೂರಕ್ಷರ ಸೇರಿಸಿ, ಇವು ನಮ್ಮದೇ ಟೀ ಪಾರ್ಟಿಗಳು ಅನ್ನುವ ಹಾಗೆ ಬರೆದಿತ್ತು.

ಫಾಕ್ಸ್‌ನ ಕಡೆಯವರಿಗೂ ಒಂದು ವಾದವಿತ್ತು. ಅದನ್ನು ತಳ್ಳಿಹಾಕುವಂತಿಲ್ಲ. ಉಳಿದ ಚಾನೆಲ್ಲುಗಳು ಈ ಜನರನ್ನು ನೋಡುತ್ತಲೇ ಇಲ್ಲ, ನೋಡಿದರೂ ಗೇಲಿ ಮಾಡುತ್ತವೆ, ನಾವಾದರೂ ಕ್ಯಾಮೆರಾ ತಿರುಗಿಸುತ್ತಿದ್ದೇವೆ ಅಂತ. ಅದೇ ಏಪ್ರಿಲ್ 15ರಂದು ಸಿಎನ್‌ಎನ್‌ನ ವರದಿಗಾರ್ತಿಯೊಬ್ಬರು ಷಿಕಾಗೋದ ಸಭೆಯಲ್ಲಿ, ಮಗುವನ್ನು ಎತ್ತಿಕೊಂಡು ನಿಂತಿದ್ದ ಒಬ್ಬರ ಜೊತೆ ನೇರಪ್ರಸಾರದಲ್ಲೇ ವಾದಕ್ಕಿಳಿದರು. ಪ್ರಶ್ನೆ ಕೇಳಿ, ಉತ್ತರ ಮುಗಿಯುವ ಮೊದಲೇ ತಡೆದರು. ಕೊನೆಗೆ ಇದು ಬಲಪಂಥೀಯ ಚಾನೆಲ್ ಫಾಕ್ಸ್ ಜೋರಾಗಿ ಪ್ರಚಾರ ಮಾಡಿದ ಸಭೆ ಅಂತ ಹೇಳಿ ಮುಗಿಸಿದರು. ಒಬ್ಬರು ಸಭೆಯ ಯಜಮಾನರ ಹಾಗೆ ನಡೆದುಕೊಂಡರೆ, ಇನ್ನೊಬ್ಬರು ಜಗಳಕ್ಕೆ ಬಂದ ನೆಂಟರ ಹಾಗೆ. ಮನೆಯಲ್ಲಿ ಕೂತು ನೋಡುವವರಿಗೆ ಸಿಗಬೇಕಾದ ಸುದ್ದಿ ಎರಡರಲ್ಲೂ ಸರಿಯಾಗಿ ಸಿಗಲಿಲ್ಲ.

ಹಾಗಾದರೆ ವರದಿ ಎಲ್ಲಿ ಮುಗಿಯುತ್ತದೆ, ಪ್ರಚಾರ ಎಲ್ಲಿ ಶುರುವಾಗುತ್ತದೆ? ನನ್ನ ಮಟ್ಟಿಗೆ ಒಂದು ಸರಳ ಗುರುತು ಇದೆ. ನಿರೂಪಕರ ದನಿ ನೋಡಬೇಡಿ, ತಾರೀಖು ನೋಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ತೀಡಾ ಸ್ಕಾಚ್‌ಪೋಲ್ ಮತ್ತು ಅವರ ಜೊತೆಗಾರರು ಮಾಡಿದ್ದೂ ಇದನ್ನೇ. ಸಿಎನ್‌ಎನ್ ಮತ್ತು ಫಾಕ್ಸ್ ಎರಡೂ ಟೀ ಪಾರ್ಟಿ ಬಗ್ಗೆ ಯಾವ ವಾರ ಎಷ್ಟು ಹೇಳಿದವು ಅಂತ ಎಣಿಸಿದರು. ಸಿಎನ್‌ಎನ್‌ನ ಗೆರೆ ಸಭೆ ನಡೆದಾಗ ಮೇಲೇರುತ್ತದೆ, ಮುಗಿದ ಕೂಡಲೇ ಕೆಳಗಿಳಿಯುತ್ತದೆ. ಫಾಕ್ಸ್‌ನ ಗೆರೆ ಸಭೆಗೆ ಮುಂಚೆಯೇ ಏರುತ್ತದೆ, ಎರಡು ಸಭೆಗಳ ನಡುವಿನ ಖಾಲಿ ವಾರಗಳಲ್ಲೂ ಪೂರ್ತಿ ಇಳಿಯುವುದಿಲ್ಲ. ಆದದ್ದನ್ನು ಹೇಳುವುದು ವರದಿ. ಆಗಬೇಕಾದ್ದನ್ನು ದಿನಾ ನೆನಪಿಸುವುದು ಕರೆಯೋಲೆ.

ಮುಂಚೆ ಹೇಳಿದರೆ ಏನು ಮಹಾ, ನಾಲ್ಕು ಜನ ಜಾಸ್ತಿ ಬಂದಾರು ಅಷ್ಟೇ ಅಲ್ವಾ ಅಂತ ಅನ್ನಿಸಬಹುದು. ಇಲ್ಲಿ ಮಳೆಯ ಕಥೆಯೊಂದಿದೆ. ಅರ್ಥಶಾಸ್ತ್ರಜ್ಞರ ಒಂದು ತಂಡ ಆ ಏಪ್ರಿಲ್ 15ರಂದು ಎಲ್ಲೆಲ್ಲಿ ಮಳೆ ಬಂತು ಅಂತ ಪಟ್ಟಿ ಮಾಡಿತು. ಮಳೆ ಬಂದ ಕಡೆ ಸಭೆ ಸಣ್ಣದಾಯಿತು. ಅದು ಸಹಜ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಒಂದೂವರೆ ವರ್ಷ ಕಳೆದು 2010ರ ಚುನಾವಣೆ ಬಂದಾಗ, ಅವತ್ತು ಬಿಸಿಲಿದ್ದ ಕಡೆ, ಟೀ ಪಾರ್ಟಿಯವರ ಒಲವಿದ್ದ ರಿಪಬ್ಲಿಕನ್ ಪಕ್ಷಕ್ಕೆ ಬಿದ್ದ ಮತ ಮಳೆ ಬಂದ ಕಡೆಗಿಂತ ಜಾಸ್ತಿ ಇತ್ತು. ಮೊದಲ ದಿನ ಬಂದವರು ಮುಂದೆ ಇನ್ನಷ್ಟು ಜನರನ್ನು ಕರೆತಂದರು. ಒಂದು ಮಧ್ಯಾಹ್ನದ ಮಳೆಗೆ ಇಷ್ಟು ತಾಕತ್ತಿದ್ದರೆ, ವಾರಗಟ್ಟಲೆ ಕರೆಯುವ ಚಾನೆಲ್ಲಿಗೆ ಎಷ್ಟಿರಬೇಡ?

ಸೆಪ್ಟೆಂಬರ್ 12ಕ್ಕೆ ಬರೋಣ. ಆ ಹಸಿರು ಎಲೆಗಳ ಸಭೆ. ಆ ದಿನಾಂಕವನ್ನು ಜನರ ಬಾಯಿಗೆ ತಂದವರು ಗ್ಲೆನ್ ಬೆಕ್. ಮಾರ್ಚ್ ತಿಂಗಳಲ್ಲೇ ತಮ್ಮ ಫಾಕ್ಸ್ ಕಾರ್ಯಕ್ರಮದಲ್ಲಿ ಒಂಬತ್ತು ಹನ್ನೆರಡು, ಅಂದರೆ ಒಂಬತ್ತನೇ ತಿಂಗಳ ಹನ್ನೆರಡು, ಅನ್ನುವ ಹೆಸರಿನ ಯೋಜನೆ ಶುರು ಮಾಡಿದ್ದರು. ವಾಷಿಂಗ್ಟನ್ ಮೆರವಣಿಗೆಗೆ ಮುಂದೆ ನಿಂತದ್ದು ಫ್ರೀಡಂವರ್ಕ್ಸ್ ಅನ್ನುವ ಸಂಸ್ಥೆ. ದೇಶದ ಆ ತುದಿಯಿಂದ ಟೀ ಪಾರ್ಟಿ ಎಕ್ಸ್‌ಪ್ರೆಸ್ ಅನ್ನುವ ಬಸ್ಸು ಊರೂರು ಸುತ್ತಿಕೊಂಡು ಬಂತು. ಬಸ್ಸಿನ ಜೊತೆ ಫಾಕ್ಸ್‌ನ ವರದಿಗಾರರೂ ಬಂದರು.

ಅವತ್ತಿನ ಒಂದು ವಿಡಿಯೋ ಇದೆ. ಯಾರೋ ಪಕ್ಕದಲ್ಲಿ ನಿಂತು ತೆಗೆದದ್ದು. ಫಾಕ್ಸ್‌ನ ವರದಿಗಾರ ಕ್ಯಾಮೆರಾಕ್ಕೆ ಮುಖ ಮಾಡಿ ನಿಂತಿದ್ದಾರೆ, ಹಿಂದೆ ಜನ. ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ ಚಾನೆಲ್ಲಿನ ಕಿರಿಯ ನಿರ್ಮಾಪಕಿಯೊಬ್ಬರು ನಿಂತು ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದಾರೆ. ಕೈ ಮೇಲೇರಿದಂತೆಲ್ಲ ಜನ ಹೋ ಅನ್ನುತ್ತಾರೆ. ಮನೆಯಲ್ಲಿ ನೋಡುವವರಿಗೆ ಹೋ ಮಾತ್ರ ಕೇಳುತ್ತದೆ, ಕೈ ಕಾಣುವುದಿಲ್ಲ. ಅನುಭವ ಸಾಲದ ಹುಡುಗಿ, ಶಿಸ್ತು ಕ್ರಮ ಕೈಗೊಂಡಿದ್ದೇವೆ ಅಂತ ಚಾನೆಲ್ ಹೇಳಿತು. ನನಗೆ ಆ ಹುಡುಗಿಯ ಬಗ್ಗೆ ಪಾಪ ಅನ್ನಿಸಿತು. ದೊಡ್ಡ ನಿರೂಪಕರು ತಿಂಗಳುಗಟ್ಟಲೆ ತೆರೆಯ ಮೇಲೆ ಮಾಡಿದ್ದನ್ನು ಅವಳು ಅರ್ಧ ನಿಮಿಷ ತೆರೆಯಾಚೆ ಮಾಡಿದಳು. ಶಿಕ್ಷೆ ಅವಳಿಗೆ.

ಅದೇ ವಾರ ಇನ್ನೊಂದು ತಮಾಷೆ. ಸೆಪ್ಟೆಂಬರ್ 18ರ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಫಾಕ್ಸ್ ಪುಟ ತುಂಬಾ ಜಾಹೀರಾತು ಕೊಟ್ಟಿತು. ಎಬಿಸಿ, ಸಿಬಿಎಸ್, ಎನ್‌ಬಿಸಿ, ಎಂಎಸ್‌ಎನ್‌ಬಿಸಿ, ಸಿಎನ್‌ಎನ್ ಈ ಸುದ್ದಿಯನ್ನು ಹೇಗೆ ತಪ್ಪಿಸಿಕೊಂಡವು ಅಂತ ಪ್ರಶ್ನೆ. ತಪ್ಪಿಸಿಕೊಂಡಿರಲಿಲ್ಲ. ಆ ಐದರ ಕ್ಯಾಮೆರಾಗಳೂ ಅಲ್ಲಿದ್ದವು. ಸಿಎನ್‌ಎನ್‌ನ ರಿಕ್ ಸಾಂಚೆಜ್ ತಮ್ಮ ಚಾನೆಲ್ ಅವತ್ತು ತೋರಿಸಿದ್ದನ್ನೆಲ್ಲ ಮತ್ತೆ ಹಾಕಿ, ನೀವು ಸುಳ್ಳು ಹೇಳುತ್ತಿದ್ದೀರಿ ಅಂದರು. ಒಂಬತ್ತು ದಿನದ ಕೆಳಗೆ ಸಂಸತ್ತಿನಲ್ಲಿ ಜೋ ವಿಲ್ಸನ್ ಅನ್ನುವ ಸಂಸದರು ಅಧ್ಯಕ್ಷ ಒಬಾಮಾರಿಗೆ ಕೂಗಿ ಹೇಳಿದ್ದ ಮಾತು ಅದು. ಅದನ್ನೇ ಎತ್ತಿಕೊಂಡು ತಿರುಗಿಸಿ ಕೊಟ್ಟರು.

ಎಷ್ಟು ಜನ ಬಂದಿದ್ದರು ಅನ್ನುವುದಂತೂ ಮುಗಿಯದ ಕಥೆ. ಅಗ್ನಿಶಾಮಕ ದಳದವರ ಅಂದಾಜು 60ರಿಂದ 70 ಸಾವಿರ. ಬೆಂಬಲಿಗರು ಹತ್ತು ಲಕ್ಷ, ಇಪ್ಪತ್ತು ಲಕ್ಷ ಅಂದರು. ಅಧಿಕೃತವಾಗಿ ಎಣಿಸಲಿಕ್ಕೆ ಸರ್ಕಾರದವರು ಯಾರೂ ಇರಲಿಲ್ಲ. ಮುಂಚೆ ನ್ಯಾಷನಲ್ ಪಾರ್ಕ್ ಸರ್ವೀಸಿನವರು ಎಣಿಸುತ್ತಿದ್ದರು. 1995ರಲ್ಲಿ ಕಪ್ಪು ಜನರ ದೊಡ್ಡ ಮೆರವಣಿಗೆಗೆ ನಾಲ್ಕು ಲಕ್ಷ ಅಂತ ಲೆಕ್ಕ ಕೊಟ್ಟರು. ದಶಲಕ್ಷ ಅಂತ ಹೆಸರಿಟ್ಟು ಕರೆದವರು ಕೋರ್ಟಿಗೆ ಹೋಗುತ್ತೇವೆ ಅಂದರು. ಎಣಿಸುವ ಕೆಲಸವೇ ಬೇಡ ಅಂತ ಸಂಸತ್ತು ನಿಲ್ಲಿಸಿಬಿಟ್ಟಿತು.

ಇದಕ್ಕೆಲ್ಲ ಕಾನೂನು ಇಲ್ಲವಾ? ಇಲ್ಲ ಅಂತಲೇ ಹೇಳಬೇಕು. 1949ರಿಂದ 1987ರವರೆಗೆ ಅಮೆರಿಕದಲ್ಲಿ ನ್ಯಾಯದ ನಿಯಮ ಅಂತ ಒಂದಿತ್ತು. ವಿವಾದದ ವಿಷಯ ಬಂದರೆ ಬೇರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಬೇಕು ಅಂತ. ಅದು ಆಕಾಶದ ತರಂಗ ಬಳಸುವ, ಲೈಸೆನ್ಸ್ ಪಡೆದ ನಿಲ್ದಾಣಗಳಿಗೆ. ನಮ್ಮಂಥ ರೇಡಿಯೋದವರಿಗೆ ಅನ್ನಿ. ಕೇಬಲ್ ಸುದ್ದಿ ಚಾನೆಲ್ ತಂತಿಯಲ್ಲಿ ಬರುತ್ತದೆ, ಅದಕ್ಕೆ ಆ ಲೈಸೆನ್ಸೇ ಇಲ್ಲ. ಹಾಗಾಗಿ ಉಳಿದಿರುವುದು ಆಯಾ ಕಂಪನಿಯ ಒಳಗಿನ ನಿಯಮ, ಮತ್ತೆ ಒಂದಿಷ್ಟು ಮುಜುಗರ.

ಮುಜುಗರ ಕೆಲವೊಮ್ಮೆ ಕೆಲಸ ಮಾಡಿದ್ದೂ ಇದೆ. 2010ರ ಏಪ್ರಿಲ್‌ನಲ್ಲಿ ಫಾಕ್ಸ್‌ನ ಒಡೆಯ ರೂಪರ್ಟ್ ಮರ್ಡೋಕ್ ಅವರನ್ನು ವಾಷಿಂಗ್ಟನ್ನಿನಲ್ಲಿ ಒಬ್ಬರು ಎದುರೆದುರೇ ಕೇಳಿದರು. ಟೀ ಪಾರ್ಟಿಯನ್ನಾಗಲಿ ಇನ್ಯಾವ ಪಾರ್ಟಿಯನ್ನಾಗಲಿ ನಾವು ಬೆಂಬಲಿಸಬಾರದು ಅಂತ ಅವರು ಉತ್ತರ ಕೊಟ್ಟರು. ಅದಾಗಿ ಕೆಲವೇ ದಿನಕ್ಕೆ ಹ್ಯಾನಿಟಿ ಸಿನ್ಸಿನಾಟಿಯ ಟೀ ಪಾರ್ಟಿ ಸಭೆಯಿಂದ ಕಾರ್ಯಕ್ರಮ ಮಾಡಲು ಹೊರಟಿದ್ದರು. ಸಂಘಟಕರು ಅದಕ್ಕೆ ಟಿಕೆಟ್ ಮಾರಿದ್ದರು. ಚಾನೆಲ್ಲಿನವರು ಅದೇ ದಿನ ಅವರನ್ನು ನ್ಯೂಯಾರ್ಕಿಗೆ ವಾಪಸ್ ಕರೆಸಿಕೊಂಡರು. ಟಿಕೆಟ್ ಕೊಂಡವರ ಮುಖ ನೆನೆಸಿಕೊಳ್ಳಿ.

ಇದು ಒಂದೇ ಪಕ್ಕದ ರೋಗ ಅಂತ ತಿಳಿಯಬೇಡಿ. ಅದೇ 2010ರ ಅಕ್ಟೋಬರ್ 2ರಂದು ಲಿಂಕನ್ ಸ್ಮಾರಕದ ಮುಂದೆ ಕಾರ್ಮಿಕ ಸಂಘಗಳು ಮತ್ತು ಎಡಪಂಥದವರ ದೊಡ್ಡ ಸಭೆ ನಡೆಯಿತು. ಎಂಎಸ್‌ಎನ್‌ಬಿಸಿಯ ನಿರೂಪಕ ಎಡ್ ಶುಲ್ಟ್ಜ್ ಮುಂಚೆ ತಮ್ಮ ಕಾರ್ಯಕ್ರಮದಲ್ಲಿ ಕರೆಕೊಟ್ಟು, ಆಮೇಲೆ ವೇದಿಕೆ ಹತ್ತಿ ಭಾಷಣ ಮಾಡಿದರು. ಚಾನೆಲ್ ಸುಮ್ಮನಿತ್ತು. ತಿಂಗಳು ಕಳೆದ ಮೇಲೆ ಅದೇ ಚಾನೆಲ್ ತನ್ನ ಇನ್ನೊಬ್ಬ ನಿರೂಪಕ ಕೀತ್ ಓಲ್ಬರ್‌ಮನ್ ಅವರನ್ನು ಅಮಾನತು ಮಾಡಿತು. ಅವರು ಮೂವರು ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ಅನುಮತಿ ಕೇಳದೆ ತಲಾ 2,400 ಡಾಲರ್ ಕೊಟ್ಟಿದ್ದರು. ವೇದಿಕೆ ಹತ್ತಿದರೆ ಪರವಾಗಿಲ್ಲ, ಚೆಕ್ ಬರೆದರೆ ತಪ್ಪು! ಇದರ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಮ್ಮ ರೇಡಿಯೋ ಮಂದಿಯೂ ಸಾಚಾ ಅಲ್ಲ. 2006ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಲಸಿಗರ ಭಾರೀ ಮೆರವಣಿಗೆ ನಡೆಯಿತು. ಅದಕ್ಕೆ ಜನ ಸೇರಿಸಿದವರು ಸ್ಪ್ಯಾನಿಷ್ ರೇಡಿಯೋದ ಬೆಳಗಿನ ನಿರೂಪಕರು. ಪಿಯೋಲಿನ್ ಅನ್ನುವ ಹೆಸರಿನಿಂದ ಮನೆಮಾತಾದವರು ಅವರಲ್ಲೊಬ್ಬರು. ಬಿಳಿ ಅಂಗಿ ಹಾಕಿ, ಅಮೆರಿಕದ ಬಾವುಟ ತನ್ನಿ ಅಂತ ಕೇಳುಗರಿಗೆ ಹೇಳಿಕೊಟ್ಟವರೂ ಅವರೇ. ಆದರೆ ಅವರು ಸುದ್ದಿಯ ಕುರ್ಚಿಯಲ್ಲಿ ಕೂತು ಹೇಳಲಿಲ್ಲ. ಬನ್ನಿ ಅಂದರು, ತಾವೂ ಬಂದರು. ಕೇಳುವವನಿಗೆ ಗೊಂದಲವಿರಲಿಲ್ಲ.

2016ಕ್ಕೆ ಬಂದರೆ ಜಗಳದ ಸ್ವರೂಪವೇ ಬೇರೆ. ಮಾರ್ಚ್ 15ರ ರಾತ್ರಿ, ಪಕ್ಷಗಳ ಅಧ್ಯಕ್ಷ ಅಭ್ಯರ್ಥಿ ಯಾರು ಅಂತ ಆರಿಸುವ ಪ್ರಾಥಮಿಕ ಚುನಾವಣೆ ಐದು ರಾಜ್ಯಗಳಲ್ಲಿ ಮುಗಿದಿತ್ತು. ಡೆಮಾಕ್ರಟಿಕ್ ಅಭ್ಯರ್ಥಿಯಾಗಲು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಫೀನಿಕ್ಸ್‌ನಲ್ಲಿ ಭಾಷಣ ಮಾಡುತ್ತಿದ್ದರು. ಫಾಕ್ಸ್, ಸಿಎನ್‌ಎನ್, ಎಂಎಸ್‌ಎನ್‌ಬಿಸಿ ಮೂರೂ ಅದನ್ನು ತೋರಿಸಲಿಲ್ಲ. ಚರ್ಚೆ ನಡೆಸುತ್ತಾ, ಟ್ರಂಪ್ ಬರಲಿದ್ದಾರೆ ಅನ್ನುವ ಅಡಿಬರಹ ಹಾಕಿಕೊಂಡು ಕಾದು ಕೂತವು. ಖಾಲಿ ಮೈಕಿನ ಮುಂದೆ ಕ್ಯಾಮೆರಾ! ಇಲ್ಲಿ ಸಿದ್ಧಾಂತ ಏನೂ ಇಲ್ಲ. ಟ್ರಂಪ್ ಇದ್ದರೆ ಜನ ನೋಡುತ್ತಾರೆ, ನೋಡಿದರೆ ಜಾಹೀರಾತಿನ ದುಡ್ಡು. ಟ್ರಂಪ್ ಅವರಿಗೆ ಆ ವೇಳೆಗೆ ಸಿಕ್ಕ ಪುಕ್ಕಟೆ ಪ್ರಚಾರದ ಬೆಲೆ ಸುಮಾರು 200 ಕೋಟಿ ಡಾಲರ್ ಅಂತ ಮೀಡಿಯಾಕ್ವಾಂಟ್ ಅನ್ನುವ ಸಂಸ್ಥೆ ಲೆಕ್ಕ ಹಾಕಿತ್ತು. ಸಿಎನ್‌ಎನ್ ಮುಖ್ಯಸ್ಥ ಜೆಫ್ ಜಕರ್ ಆ ಅಕ್ಟೋಬರ್‌ನಲ್ಲಿ ಹಾರ್ವರ್ಡ್‌ನಲ್ಲಿ ಒಪ್ಪಿಕೊಂಡರು. ಮೊದಮೊದಲ ತಿಂಗಳುಗಳಲ್ಲಿ ಟ್ರಂಪ್ ಸಭೆಗಳನ್ನು ಅತಿಯಾಗಿ, ಕತ್ತರಿಸದೆ ಹಾಕಿದ್ದು ತಪ್ಪಾಗಿದ್ದಿರಬಹುದು ಅಂತ. ಅಷ್ಟೊತ್ತಿಗೆ ಮತದಾನಕ್ಕೆ ಕೆಲವೇ ವಾರ ಉಳಿದಿತ್ತು.

ಕೊನೆಯದಾಗಿ ಹ್ಯಾನಿಟಿಯವರದ್ದೇ ಇನ್ನೊಂದು ಸಂಜೆ. 2018ರ ನವೆಂಬರ್ 5, ಮಿಸೌರಿಯ ಕೇಪ್ ಜಿರಾರ್ಡೊ. ಮರುದಿನ, ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆ. ಅದಕ್ಕೆ ಮುಂಚೆ ಟ್ರಂಪ್ ಅವರ ಕೊನೆಯ ಪ್ರಚಾರ ಸಭೆ. ನಾನು ವೇದಿಕೆ ಹತ್ತುವುದಿಲ್ಲ, ಕಾರ್ಯಕ್ರಮಕ್ಕಾಗಿ ವರದಿ ಮಾಡಲು ಬಂದಿದ್ದೇನೆ ಅಂತ ಹ್ಯಾನಿಟಿ ಬೆಳಿಗ್ಗೆಯೇ ಟ್ವೀಟ್ ಮಾಡಿದ್ದರು. ರಾತ್ರಿ ಟ್ರಂಪ್ ಹೆಸರು ಹಿಡಿದು ಕರೆದರು. ಹ್ಯಾನಿಟಿ ಹತ್ತಿದರು. ಹತ್ತಿ, ಹಿಂದೆ ಪತ್ರಕರ್ತರನ್ನು ನಿಲ್ಲಿಸಿದ್ದ ಕಟಕಟೆಯ ಬಗ್ಗೆ ಹೇಳಿದ್ದು ಇದು: ಅಲ್ಲಿ ಹಿಂದಿರುವವರೆಲ್ಲ ಸುಳ್ಳು ಸುದ್ದಿಯವರು.

ಸಭೆ ಹೋ ಅಂದಿತು. ಈ ಸಲ ಯಾರೂ ಕೈ ಬೀಸಬೇಕಾಗಿರಲಿಲ್ಲ. ನಮ್ಮ ನಿರೂಪಕರು ಪ್ರಚಾರ ಸಭೆಗಳಲ್ಲಿ ಪಾಲ್ಗೊಳ್ಳುವುದನ್ನು ನಾವು ಒಪ್ಪುವುದಿಲ್ಲ ಅಂತ ಮರುದಿನ ಚಾನೆಲ್ ಯಾರ ಹೆಸರನ್ನೂ ಎತ್ತದೆ ಹೇಳಿಕೆ ಕೊಟ್ಟಿತು. ಆ ಕಟಕಟೆಯೊಳಗೆ ನಿಂತಿದ್ದವರಲ್ಲಿ ಫಾಕ್ಸ್ ನ್ಯೂಸ್‌ನ ವರದಿಗಾರರೂ ಇದ್ದರು.

ನಮಸ್ಕಾರ.